ಕಪ್ ಅವರಿಗೆ, ಹರಕೆ ನಮಗೆ

ಭಾರತ ತಂಡ ಫೈನಲ್ ತಲುಪಿತು ಎಂದರೆ ನಮ್ಮ ಮನೆಯಲ್ಲಿ ಎಲ್ಲರ ಎದೆಯೂ ನಡುಗುತ್ತದೆ. ಇಡೀ ದೇಶ ಗೆಲ್ಲಲಿ ಎಂದು ಕೈ ಮುಗಿಯುವ ಹೊತ್ತಿನಲ್ಲಿ, ಸೋಲಲಪ್ಪಾ ದೇವರೇ ಎಂದು ಒಳಗೊಳಗೇ ಬೇಡಿಕೊಳ್ಳುವ ಕುಟುಂಬ ಯಾವುದಾದರೂ ಇದ್ದರೆ ಅದು ನಮ್ಮದೇ. ಇವರೆಂಥ ದೇಶದ್ರೋಹಿಗಳು ಎಂದು ತೀರ್ಮಾನಿಸುವ ಮುನ್ನ ದಯವಿಟ್ಟು ನಮ್ಮ ಸೋದರಮಾವನ ವಿಷಯ ಸ್ವಲ್ಪ ಕೇಳಿ.

ಮಾವನಿಗೆ ಮಾನ್ವಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರನ್ನು ಬಿಚ್ಚಿ, ಕರಕಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಆಸಾಮಿ ತೆಳ್ಳಗೆ, ಎತ್ತರಕ್ಕೆ ಇದ್ದಾನೆ. ಅವನು ನಕ್ಕದ್ದನ್ನು ಕಂಡವರು ಕಡಿಮೆ. ಜೀವನದಲ್ಲಿ ಬ್ಯಾಟು ಹಿಡಿದವನಲ್ಲ. ಆದರೂ ಭಾರತ ಗೆದ್ದ ಪ್ರತಿಯೊಂದು ಕಪ್ಪಿಗೂ ತಾನೇ ಕಾರಣ ಎಂದು ಅವನ ಖಚಿತ ನಂಬಿಕೆ. ಹೇಗೆ ಅಂತೀರಾ? ಹರಕೆ ಹೊತ್ತು! ಹರಕೆ ಯಾರು ಹೊರುವುದಿಲ್ಲ ಎಂದು ನೀವು ಕೇಳಬಹುದು. ಹೊರುತ್ತಾರೆ, ಆದರೆ ತಂತಮ್ಮ ಹೆಸರಿನಲ್ಲಿ ಹೊರುತ್ತಾರೆ. ಹೆಚ್ಚೆಂದರೆ ತಾಯಂದಿರು ಮಕ್ಕಳ ಹೆಸರಿನಲ್ಲಿ ಮುಡಿ ಕೊಡುವುದಾಗಿ ಬೇಡಿಕೊಳ್ಳುತ್ತಾರೆ. ಮಾವ ಈ ಪದ್ಧತಿಯನ್ನು ಹಿಗ್ಗಿಸಿ ಭಾವ, ಅಳಿಯ, ಗಿರಾಕಿಗಳ ತನಕ ತಂದಿದ್ದ. ಬೇಡುವವನು ಅವನು, ತೀರಿಸುವವರು ನಾವು.

ಮೊದಲ ಪೆಟ್ಟು ಬಿದ್ದದ್ದು ನಮ್ಮ ಅಪ್ಪನಿಗೆ. ಅಪ್ಪ ರಾಯಚೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದರು. ಅವರ ಗಿರಿಜಾಮೀಸೆ ಮಿಲ್ಲಿನ ಗೇಟಿಗೆ ಬಂದರೆ ಹಮಾಲರು ಬೀಡಿ ಎಸೆಯುತ್ತಿದ್ದರು. ಇಪ್ಪತ್ತು ಓವರಿನ ವಿಶ್ವಕಪ್ಪನ್ನು ಭಾರತ ಮೊದಲ ಸಲ ಗೆದ್ದ ಮರುದಿನ ಮಾವ ಬೆಳಗಿನ ಮೊದಲ ಬಸ್ಸಿಗೆ ರಾಯಚೂರಿಗೆ ಬಂದ. ಪೇಢಾ ತಂದಿರಬಹುದೆಂದು ನಾನು ಅವನ ಕೈ ನೋಡಿದೆ. ಪೇಢಾ ಇರಲಿಲ್ಲ. ಹಿಂದೆ ಪೆಟ್ಟಿಗೆ ಹಿಡಿದ ಕ್ಷೌರಿಕನಿದ್ದ.

"ಮೀಸಿ ಕೊಡ್ರಿ ಭಾವಾ," ಅಂದ ಮಾವ. "ಕೊನೀ ಓವರಿನ್ಯಾಗ ಬೇಡಿಕೊಂಡೀನಿ. ಗೆದ್ದರ ನಮ್ಮ ಭಾವ ಸೂಗೂರೇಶ್ವರಗ ಮೀಸಿ ಒಪ್ಪಿಸ್ತಾರ ಅಂತ."

"ನಿನ್ನ ಮೀಸಿ ಯಾಕ ಹೇಳಲಿಲ್ಲ?"

"ನನಗೆಲ್ಲಿ ಅದಾವ್ರಿ? ಅದಾವಲ್ಲ, ನಾಕು ಕೂದಲು. ದೇವ್ರಿಗೆ ಹಂಥಾವು ಕೊಡತಾರೇನ್ರಿ?"

ಅಪ್ಪ ಸಿಟ್ಟಿನ ಮನುಷ್ಯ. ಆದರೆ ದೇವರ ಹೆಸರು ಬಂದ ಮೇಲೆ ಏನು ಮಾಡುತ್ತಾರೆ? ಕಣ್ಣು ಮುಚ್ಚಿ ಕೂತರು. ಮೀಸೆ ಮತ್ತೆ ಹುರಿಯಾಗುವ ತನಕ ಮಿಲ್ಲಿನಲ್ಲಿ ಯಾರೂ ಅವರ ಮಾತು ಕೇಳಲಿಲ್ಲ.

ಮುಂದೆ ಮುಂಬಯಿಯಲ್ಲಿ ಸಿಕ್ಸರ್ ಹೊಡೆದು ದೊಡ್ಡ ಕಪ್ಪನ್ನೇ ಗೆದ್ದರಲ್ಲ, ಆಗಿನ ಪಾಳಿ ನನ್ನದು. ರಾಯಚೂರಿನಿಂದ ದೇವಸುಗೂರಿನ ಸೂಗೂರೇಶ್ವರನ ಗುಡಿಯವರೆಗೆ ಬರಿಗಾಲಲ್ಲಿ ನಡೆಯಬೇಕು. ಬೇಸಿಗೆಯ ರಾಯಚೂರಿನಲ್ಲಿ ಚಪ್ಪಲಿ ಹಾಕಿಕೊಂಡು ನಡೆಯುವುದೇ ಒಂದು ಹರಕೆ. ಊರು ದಾಟುವಷ್ಟರಲ್ಲಿ ಎರಡೂ ಅಂಗಾಲು ಗುಳ್ಳೆ ಎದ್ದವು. ಅತ್ತಿತ್ತ ನೋಡಿ ಆಟೋ ಹತ್ತಿದೆ. ಗುಡಿಗೆ ಒಂದು ಫರ್ಲಾಂಗು ಇದ್ದಾಗ ಇಳಿದು, ಕುಂಟುತ್ತಾ ಹೋಗಿ ಕಾಯಿ ಒಡೆಸಿ ಬಂದೆ. ಕೆಲವು ತಿಂಗಳಾದ ಮೇಲೆ ನಮ್ಮ ತಂಡ ಪರದೇಶಕ್ಕೆ ಹೋಗಿ ಒಂದರ ಹಿಂದೊಂದು ಸೋತಿತು. ಮಾವ ಫೋನು ಮಾಡಿ ಒಂದೇ ಮಾತು ಕೇಳಿದ.

"ಆಟೋ ಹತ್ತಿದ್ದಿ, ಹೌದಲ್ಲ?"

ಆಮೇಲೆ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟ. ಹನ್ನೊಂದು ಜನ ಆಟಗಾರರ ವೈಫಲ್ಯಕ್ಕೆ ರಾಯಚೂರಿನ ನನ್ನಂಥ ಒಬ್ಬ ಬಡಪಾಯಿ ಮೇಷ್ಟ್ರು ಹೊಣೆಯಾದದ್ದು ಕ್ರಿಕೆಟ್ಟಿನ ಚರಿತ್ರೆಯಲ್ಲಿ ಇದೊಂದೇ ಸಲ ಇರಬೇಕು.

ಇನ್ನೊಂದು ಫೈನಲ್ಲಿನಲ್ಲಿ ದೇವದುರ್ಗದ ಒಬ್ಬ ರೈತ ಸಿಕ್ಕಿಬಿದ್ದ. ಪಾಪ, ತನ್ನ ಮೋಟಾರು ಒಯ್ಯಲು ಅಂಗಡಿಗೆ ಬಂದಿದ್ದ. ಭಾರತ ಗೆದ್ದರೆ ಅವನು ಒಂದು ತಿಂಗಳು ತಂಬಾಕು ಬಿಡುತ್ತಾನೆ ಎಂದು ಮಾವ ಅವನ ಎದುರಿಗೇ ಬೇಡಿಕೊಂಡುಬಿಟ್ಟ. ಗೆದ್ದರು.

"ನಾ ಮ್ಯಾಚ್ ನೋಡೂದ ಇಲ್ರೀ ಯಪ್ಪಾ," ಅಂದ ರೈತ.

"ನೀ ನೋಡೂದು ಬ್ಯಾಡ. ಬಿಟ್ಟರ ಸಾಕು," ಅಂದ ಮಾವ, ಮೋಟಾರಿನ ಮೇಲೆ ಕೈ ಇಟ್ಟುಕೊಂಡು.

ತಿಂಗಳಾದ ಮೇಲೆ ಆ ರೈತ ತಾನಾಗಿಯೇ ಮತ್ತೆ ಬಂದ. ಕೆಮ್ಮು ನಿಂತಿದೆ ಎಂದ. ಜೊತೆಗೆ ತನ್ನ ತಮ್ಮನನ್ನು ಕರೆತಂದಿದ್ದ. "ಇವ ಕುಡೀತಾನ್ರಿ. ಇವನ ಹೆಸರೂ ಹೇಳ್ರಿ. ಮುಂದಿನ ಮ್ಯಾಚ್ ಯಾವಾಗ ಅದ?" ಎಂದು ಕೇಳಿದ.

ಎಲ್ಲರ ಹೆಸರೂ ಹೇಳುವ ಈ ಮನುಷ್ಯ ತನ್ನ ಹೆಸರನ್ನು ಮಾತ್ರ ಯಾಕೆ ಹೇಳುವುದಿಲ್ಲ? ಬಲು ಜಾಣ, ಎಂದು ನಾವು ಆಡಿಕೊಳ್ಳುತ್ತಿದ್ದೆವು. ಒಮ್ಮೆ ಅತ್ತೆಯನ್ನು, ಅಂದರೆ ಮಾವನ ಹೆಂಡತಿಯನ್ನು, ನಗುತ್ತಲೇ ಕೇಳಿದೆ. ಅತ್ತೆ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು.

"ಮದುವ್ಯಾಗಿ ಆರು ವರ್ಷಕ್ಕ ನಾ ಬಸಿರಾದೆ," ಅಂದರು. "ಇವರು ತಮ್ಮ ಹೆಸರಲೆ ಹರಕಿ ಹೊತ್ರು. ಏಳು ತಿಂಗಳಿಗೆ ಹೋತು ಕೂಸು. ಮುಂದ ಆಗಲೇ ಇಲ್ಲ. ತನ್ನ ಹೆಸರು ಕೇಳಿದರ ದೇವ್ರು ಮಾರಿ ತಿರುವತಾನ ಅಂತ ಇವರ ತಲ್ಯಾಗ ಕುಂತುಬಿಟ್ಟದ. ಅದಕ್ಕ ನಿಮ್ಮ ಹೆಸರು ಹೇಳ್ತಾರ. ನಿಮ್ಮದಂದ್ರ ದೇವ್ರು ಕೇಳ್ತಾನಂತ."

ಇಷ್ಟು ಹೇಳಿ ಮತ್ತೆ ಮೊರದಲ್ಲಿನ ಹರಳು ಆರಿಸತೊಡಗಿದರು. ಆಟೋ ಹತ್ತಿದ್ದಕ್ಕೆ ನನಗೆ ನಾಚಿಕೆಯಾದದ್ದು ಅವತ್ತು.

ಅತ್ತೆ ಇಲ್ಲದೆ ಮಾವನಿಗೆ ಒಂದು ದಿನವೂ ನಡೆಯುತ್ತಿರಲಿಲ್ಲ. ಅತ್ತೆ ತವರಿಗೆ, ಪೋತ್ನಾಳಕ್ಕೆ, ಎರಡು ದಿನ ಹೋದರೆ ಮಾವ ಆ ಎರಡು ದಿನವೂ ಚಹಾ ಮತ್ತು ಮಂಡಾಳಿನ, ಅಂದರೆ ಮಂಡಕ್ಕಿಯ, ಮೇಲೆ ಬದುಕುತ್ತಿದ್ದ. ಅಕ್ಕಪಕ್ಕದವರು ಕರೆದರೂ ಉಣ್ಣಲು ಹೋಗುತ್ತಿರಲಿಲ್ಲ. ಮೋಟಾರಿನ ಒಳಗೆ ನೂರಾರು ಸುತ್ತು ತಂತಿಯನ್ನು ತಪ್ಪದೆ ಸುತ್ತುವವನಿಗೆ ಒಲೆ ಹಚ್ಚಲು ಬರುತ್ತಿರಲಿಲ್ಲ.

ಅಂಥ ಅತ್ತೆಯ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಎರಡು ಸಲ ರಾಯಚೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಬೇಕು. ಹಿಂದಿನ ದಿನವೇ ಇಬ್ಬರೂ ಬಂದು ನಮ್ಮ ಮನೆಯಲ್ಲಿ ಉಳಿಯುತ್ತಿದ್ದರು. ಅತ್ತೆಯ ಮುಖ ಊದಿ, ಕಾಲು ಊದಿ, ಬಳೆ ತೆಗೆದು ಇಡಬೇಕಾಯಿತು. ಮೊದಮೊದಲು ಏನಾದರೂ ದಾರಿ ಉಂಟೇ ಎಂದು ಡಾಕ್ಟರನ್ನು ಕೇಳುತ್ತಿದ್ದ ಮಾವ ಆಮೇಲೆ ಕೇಳುವುದನ್ನೂ ಬಿಟ್ಟ. ಯಾವ ದಾರಿಯೂ ಉಳಿದಿಲ್ಲ ಎಂದು ನಮಗೆಲ್ಲ ಗೊತ್ತಾಗಿತ್ತು.

ಆ ಹೊತ್ತಿಗೆ ಸರಿಯಾಗಿ ಭಾರತ ಮತ್ತೆ ಇಪ್ಪತ್ತು ಓವರಿನ ಫೈನಲ್ ತಲುಪಬೇಕೇ! ಅಂದು ಮಾವ, ಅತ್ತೆ ನಮ್ಮ ಮನೆಯಲ್ಲಿದ್ದರು. ಅತ್ತೆ ಒಳಗಿನ ಕೋಣೆಯಲ್ಲಿ ಮಲಗಿದ್ದರು. ನಾನು, ಅಪ್ಪ, ಮಾವ ಟಿವಿ ಮುಂದೆ ಕೂತೆವು. ಮಾವನ ಮನಸ್ಸು ಸ್ವಲ್ಪ ಹಗುರಾಗಲಿ ಎಂದು ಅಪ್ಪ ಬೆಳ್ಳಗಾದ ತಮ್ಮ ಮೀಸೆಯನ್ನು ಕೈಯಲ್ಲಿ ಮುಚ್ಚಿಕೊಂಡು, "ಈ ಸಲ ಯಾರ ಪಾಳಿ?" ಎಂದರು. ಮಾವ ಒಳಗಿನ ಕೋಣೆಯ ಬಾಗಿಲ ಕಡೆ ನೋಡಿದ.

ಎದುರಾಳಿಗಳಿಗೆ ಮೂವತ್ತು ಎಸೆತಕ್ಕೆ ಮೂವತ್ತೇ ರನ್ ಬೇಕು ಎನ್ನುವಾಗ ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಮಾವನ ಕಡೆ ನೋಡಿದೆ. ಅವನು ನೆಟ್ಟಗೆ ಕೂತಿದ್ದ. ಮುಖ ಅರಳಿತ್ತು. ತುಟಿಯ ಮೇಲೆ ನಗುವಿನಂಥದ್ದು ಏನೋ ಇತ್ತು. ಚಿಂತೆ ಮಾಡಿ ಮಾಡಿ ಇವನಿಗೆ ತಲೆ ಕೆಟ್ಟಿತೇ ಎಂದು ಗಾಬರಿಯಾಯಿತು. ಆಮೇಲೆ ಆಟ ತಿರುಗಿತು. ಒಂದೊಂದೇ ವಿಕೆಟ್ ಬಿತ್ತು. ಬೌಂಡರಿ ಗೆರೆಯ ಮೇಲೆ ನಮ್ಮವನೊಬ್ಬ ಕ್ಯಾಚು ಹಿಡಿದಾಗ ಅಪ್ಪ ಎದ್ದು ನಿಂತರು, ಮಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಗೆದ್ದರು. ಓಣಿಯಲ್ಲಿ ಪಟಾಕಿ ಶುರುವಾದವು. ಮಾವ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು ಅಳತೊಡಗಿದ. ಖುಷಿಗೆ ಅಳುತ್ತಿದ್ದಾನೆ ಎಂದು ತಿಳಿದು ಅಪ್ಪ ಅವನ ಬೆನ್ನು ಚಪ್ಪರಿಸಿದರು.

ಮರುದಿನ ಬೆಳಿಗ್ಗೆ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದೆ. ಹೊರಗೆ ಜನ ಬೈಕುಗಳ ಮೇಲೆ ಬಾವುಟ ಹಿಡಿದು ಕೂಗುತ್ತಿದ್ದರು. ಒಳಗೆ ಅತ್ತೆಯ ರಕ್ತ ಮಷಿನ್ನಿನೊಳಗೆ ಹೋಗಿ ಬರುತ್ತಿತ್ತು. ನರ್ಸಮ್ಮ ಎಲ್ಲರಿಗೂ ಒಂದೊಂದು ಪೇಢಾ ಕೊಟ್ಟಳು. ಮಾವ ಬೇಡ ಎಂದ.

"ಯಾಕ್ರೀ, ಗೆದ್ದೀರಲ್ಲ," ಅಂದರು ಅತ್ತೆ.

ಮಾವ ಮಷಿನ್ನನ್ನೇ ನೋಡುತ್ತಾ ಹೇಳಿದ. "ಸೋಲಲಿ ಅಂತ ಬೇಡಿಕೊಂಡಿದ್ದೆ. ಕಪ್ ಹೋಗಲಿ, ಇಕಿನ್ನ ನನಗ ಬಿಡು ಅಂದಿದ್ದೆ. ನನ್ನ ಹೆಸರಲೆ ಬೇಡಿದೆ ನೋಡು, ಅಲ್ಲೇ ತಪ್ಪಿದೆ." ನನ್ನ ಕಡೆ ತಿರುಗಿದ. "ನಿನ್ನ ಹೆಸರು ಹೇಳಬೇಕಿತ್ತು. ನಿಂದಂದ್ರ ಕೇಳತಿದ್ದ."

ನೀ ಹೇಳಿದ್ದರೆ, ಮಾವ, ದೇವಸುಗೂರಿಗೇನು, ಕಾಶಿಗೇ ಬರಿಗಾಲಲ್ಲಿ ನಡೆಯುತ್ತಿದ್ದೆ ಎನ್ನಬೇಕೆಂದಿದ್ದೆ.

ಅಷ್ಟರಲ್ಲಿ ಅತ್ತೆ ನಕ್ಕರು. "ನಿಮ್ಮ ತಪ್ಪಲ್ಲ. ಗೆದ್ದದ್ದು ನನ್ನ ಹರಕಿಗೆ."

"ನೀ ಯಾವಾಗ ಹೊತ್ತಿ?"

"ನಿನ್ನೆ, ಮಲಗಿದಲ್ಲೇ. ಟಿವಿ ಕೇಳಾಕತ್ತಿತ್ತು. ಊರ ಮಂದಿ ಹೆಸರಲೆ ನೀವು ಹೊರ್ತೀರಿ. ನಿಮ್ಮ ಹೆಸರಲೆ ಹೊರಾಕ ಯಾರರ ಬೇಕಲ್ಲ. ಗೆದ್ದರ ನಮ್ಮ ಮನಿಯವರು ದಿನಾ ಎರಡು ಹೊತ್ತು ತಮ್ಮ ಕೈಲೆ ರೊಟ್ಟಿ ಬಡದು, ಕುಂತು, ಬಿಸಿಬಿಸಿ ಉಣ್ತಾರ ಅಂದೆ. ಇನ್ನೊಂದು ಕಪ್ ಗೆಲ್ಲೂ ತನಕ."

"ನನಗ ರೊಟ್ಟಿ ಬಡಿಯಾಕ ಬರಾಂಗಿಲ್ಲ."

"ಕಲೀರಿ. ದೇವ್ರಿಗೆ ಹೇಳೀನಿ, ಹಿಂದ ತೊಗೊಳ್ಳಾಕ ಬರಾಂಗಿಲ್ಲ."

ಮಾವ ಕಲಿತ. ಅತ್ತೆ ಹಾಸಿಗೆಯ ಮೇಲಿಂದಲೇ ಪಾಠ ಹೇಳುತ್ತಿದ್ದರು. ಹಿಟ್ಟಿಗೆ ನೀರು ಎಷ್ಟು, ಎಸರು ಹೇಗೆ, ಅಂಗೈ ಎಲ್ಲಿ ಒತ್ತಬೇಕು. ನಾನು ಹೋದಾಗಲೆಲ್ಲ ಒಂದೊಂದು ರೊಟ್ಟಿ ಒಂದೊಂದು ರಾಜ್ಯದ ನಕ್ಷೆಯ ಹಾಗೆ ಇರುತ್ತಿತ್ತು. ಒಮ್ಮೆ ಅಸ್ಸಾಂ ತಿಂದೆ, ಒಮ್ಮೆ ಗುಜರಾತ್. ದುಂಡಗಿನ ರಾಜ್ಯ ನಮ್ಮ ದೇಶದಲ್ಲಿ ಒಂದೂ ಇಲ್ಲವಲ್ಲ ಎಂದು ಅತ್ತೆ ನಗುತ್ತಿದ್ದರು. ಎರಡು ತಿಂಗಳಿಗೆ ಅತ್ತೆ ಹೋದರು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಅಡುಗೆ ತಂದುಕೊಡುತ್ತಾರೆ. ಹೊಲದಲ್ಲಿ ಮಣ್ಣು ಮಾಡಿ ಬಂದ ಸಂಜೆ, ನೆರೆಯವರ ಅನ್ನ ಪಡಸಾಲೆಯಲ್ಲಿ ಇರುವಾಗಲೇ, ಮಾವ ಒಳಗೆ ಹೋಗಿ ಒಲೆ ಹಚ್ಚಿದ. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಹಿರಿಯರು ಸಿಟ್ಟಾದರು.

"ಹೆಂಡತಿನ್ನ ಈಗ ಮಣ್ಣಿಗೆ ಕೊಟ್ಟು ಬಂದಾನ, ಹಸಿವಿ ನೋಡ್ರಿ ಇವನದು," ಎಂದರು ಒಬ್ಬರು.

"ಹರಕಿ ಅದ," ಅಂದ ಮಾವ. ಅಷ್ಟೇ.

ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಂದೊಂದು ತುತ್ತಿಗೂ ನೀರು ಕುಡಿದು ನುಂಗುತ್ತಿದ್ದ. ಒಂದು ರೊಟ್ಟಿ ಮುಗಿಸಲು ಅರ್ಧ ತಾಸು ಹಿಡಿಯಿತು. ಅವನಿಗೆ ಹಸಿವು ಇರಲಿಲ್ಲ. ಅತ್ತೆ ಏನು ಮಾಡಿ ಹೋಗಿದ್ದಾರೆ ಎಂಬುದು ಆಗ ನನಗೆ ಅರ್ಥವಾಯಿತು.

ಕೆಲವು ತಿಂಗಳಿಗೆ ಇನ್ನೊಂದು ಕಪ್ಪಿನ ಫೈನಲ್ ಬಂತು. ಅಪ್ಪ ಮತ್ತು ನಾನು ಆ ಸಲ ಬೇಡಿಕೊಂಡಷ್ಟು ಹಿಂದೆಂದೂ ಬೇಡಿಕೊಂಡಿರಲಿಲ್ಲ. ಸೋಲಲಿ. ಮೀಸೆಗಾಗಿ ಅಲ್ಲ, ಅಂಗಾಲಿಗಾಗಿ ಅಲ್ಲ. ಗೆದ್ದರೆ ಅತ್ತೆಯ ಹರಕೆ ಮುಗಿದುಹೋಗುತ್ತದೆ, ಮಾವ ಮತ್ತೆ ಚಹಾ ಮಂಡಾಳಿಗೆ ಬೀಳುತ್ತಾನೆ, ಆಮೇಲೆ ಅದನ್ನೂ ಬಿಡುತ್ತಾನೆ. ನಮ್ಮ ಮಾತು ದೇವರು ಕೇಳುತ್ತಾನೆ ಎಂದು ಮಾವ ನಂಬಿದ್ದು ಸುಳ್ಳಾಯಿತು. ಭಾರತ ಗೆದ್ದಿತು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ನಾನು ಮಾನ್ವಿಗೆ ಹೋದೆ. ಅಂಗಡಿಗೆ ಬೀಗ ಹಾಕಿತ್ತು. ಮನೆಯ ಕಡೆ ಓಡುತ್ತಲೇ ಹೋದೆ. ಹೊಸ್ತಿಲಲ್ಲಿ ನಿಂತಾಗ ಒಳಗಿನಿಂದ ಸಪ್ಪಳ ಕೇಳಿತು. ಮಾವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ.

"ಆಕಿ ಹರಕಿ ನಿನ್ನೆಗೆ ಮುಗೀತು," ಅಂದ, ತಿರುಗಿ ನೋಡದೆ.

"ಮತ್ತ ಇದು?"

"ಇದು ನಂದು. ನನ್ನ ಹೆಸರಲೆ ಹೊತ್ತೀನಿ."

ನನಗೆ ಭಯವಾಯಿತು. "ಏನು ಬೇಡಿಕೊಂಡಿ ಮಾವ?"

"ಏನೂ ಬೇಡಿಲ್ಲ. ಕುಂದ್ರು, ಉಣ್ಣು."

ತಟ್ಟೆ ಇಟ್ಟು ಹಂಚಿನ ಮೇಲಿನ ರೊಟ್ಟಿ ತೆಗೆದು ನನಗೆ ಹಾಕಿದ. ದುಂಡಗಿತ್ತು.