ಕಾಕಾನ ಕಾಲು ತುಳಿಯುವ ಪಾಠ

ವಿಮಾನದ ಹೊಟ್ಟೆಯನ್ನಷ್ಟೇ ನೋಡಿ ಬಲ್ಲವನು ನಾನು. ಒಳಗೆ ಏನಿದೆಯೋ ತಿಳಿಯದು. ಆದರೂ ಊಟವಾಗಿ ಬೆತ್ತದ ಕುರ್ಚಿಗೆ ಬೆನ್ನು ಕೊಟ್ಟರೆ ಸಾಕು, ವಾಡಿ ಸ್ಟೇಷನ್ನಿನ ಪಾರ್ಸೆಲ್ ಗುಮಾಸ್ತನಾದ ನಾನು ಮೆಲ್ಲಗೆ ಮೇಲೇಳುತ್ತೇನೆ. ಕೆಳಗೆ ಕಾಗಿಣಾ ನದಿ ಯಾರೋ ಒಣಹಾಕಿ ಮರೆತ ಸೀರೆಯಂತೆ ಬಿದ್ದಿರುತ್ತದೆ. ಇದನ್ನು ನನ್ನ ಹೆಂಡತಿ ನಿದ್ದೆ ಎನ್ನುತ್ತಾಳೆ.

ಹಾರಲು ಹಂಬಲಿಸಿದವನು ನಾನು, ಗಗನಸಖಿಯಾಗಿ ಆಯ್ಕೆಯಾದವಳು ನಮ್ಮಲ್ಲೇ ಬೆಳೆದ ಅಣ್ಣನ ಮಗಳು ಶಶಿಕಲಾ. ಮುಂಬಯಿಯ ತರಬೇತಿಯಿಂದ ನಾಲ್ಕು ದಿನದ ರಜೆಗೆ ಬಂದಾಗ ಅವಳ ಮುಖ ಸಪ್ಪಗಿತ್ತು. ಕುಡಿದ ಪ್ರಯಾಣಿಕ ಕೈ ಹಿಡಿದರೆ ಹಿಮ್ಮಡಿಯಿಂದ ಅವನ ಪಾದ ತುಳಿದು, ಕೈ ಬಿಡಿಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿಯಬೇಕಂತೆ. ಇವಳು ತುಳಿದಳು, ಬಿಡಿಸಿಕೊಂಡಳು, ಆಮೇಲೆ ಬಗ್ಗಿ, ಕುಡುಕನಾಗಿ ನಿಂತಿದ್ದ ತರಬೇತಿಯ ಮಾಸ್ತರರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒಂದು ಸಲವಲ್ಲ, ಪ್ರತಿ ಸಲ. ಸೋಮವಾರದ ಪರೀಕ್ಷೆಯಲ್ಲೂ ಬಗ್ಗಿದರೆ ಮನೆಗೆ ಕಳಿಸುತ್ತೇವೆ ಎಂದಿದ್ದರು. ಹಿರಿಯರಿಗೆ ಕಾಲು ತಾಗಿದರೆ ಮುಟ್ಟಿ ನಮಸ್ಕರಿಸಬೇಕೆಂದು ಅವಳಿಗೆ ಕಲಿಸಿದವನು ನಾನೇ. ಹೀಗಾಗಿ ಕುಡುಕನ ಪಾತ್ರವೂ ನನ್ನ ಪಾಲಿಗೇ ಬಂತು.

ಶಹಾಬಾದ ಕಲ್ಲು ಹಾಸಿದ ಪಡಸಾಲೆಯೇ ವಿಮಾನವಾಯಿತು. ಕೈ ಹಿಡಿದೆ. ಶಶಿ ಹೂವಿನ ಮೇಲೆ ಕಾಲಿಟ್ಟಂತೆ ತುಳಿದು, ಕೂಡಲೇ ಬಗ್ಗಿದಳು.

“ನಾ ಈಗ ನಿನ್ನ ಕಾಕಾ ಅಲ್ಲ, ಕುಡದು ಬಂದ ಮನಷ್ಯಾ ಅದೀನಿ” ಎಂದೆ.

“ಕುಡದ್ರೇನ್ರಿ ಕಾಕಾ, ಹಿರೇರು ಹಿರೇರೇ ಅಲ್ರಿ?”

ಎರಡು ದಿನ ಇದೇ ಆಯಿತು. ಹುಡುಗಿ ಅಳುವುದೊಂದು ಬಾಕಿ. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಬೆತ್ತದ ಕುರ್ಚಿಯಲ್ಲಿ ಅವಳ ಕೈ ಹಿಡಿದು ಕೂತಲ್ಲೇ ನಾನು ಎಂದಿನಂತೆ ಮೇಲೆದ್ದೆ. ಮಳಖೇಡದ ಕೋಟೆ ದಾಟಿದ ಮೇಲೆ ವಿಮಾನ ಜೋಲಿ ಹೊಡೆಯಿತು. ಬೀಳುವ ಭಯಕ್ಕೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದೆ. “ಬಿಡ್ರಿ ಕಾಕಾ, ನೋಯಾಕತ್ತದ” ಎಂಬುದು ಮೋಡದ ಆಚೆಯಿಂದ ಕೇಳಿಸಿತು. ಬಿಡಲಿಲ್ಲ. ಮರುಕ್ಷಣ ಪಾದದ ಮೇಲೆ ಸಿಮೆಂಟಿನ ಚೀಲ ಬಿದ್ದಂತಾಯಿತು. ಕಣ್ಣು ಬಿಟ್ಟರೆ ಶಶಿ ಎರಡು ಹೆಜ್ಜೆ ಆಚೆ ನೆಟ್ಟಗೆ ನಿಂತಿದ್ದಾಳೆ, ಬಗ್ಗಲಿಲ್ಲ.

“ಈಗ ಪಾಸಾದಿ ನೋಡವಾ” ಎಂದು ನನ್ನ ಹೆಂಡತಿ ಅವಳ ಬೆನ್ನು ತಟ್ಟಿದಳು. ನನ್ನ ಪಾದಕ್ಕೆ ಅರಿಶಿನ ಅರೆಯುವುದು ಆಮೇಲೆ ನೆನಪಾಯಿತು. ನನಗೂ ಸಂತೋಷವೇ ಆಯಿತು. ಆದರೆ ಅವಳು ಬಗ್ಗಲಿಲ್ಲವಲ್ಲ ಎಂದು ಒಳಗೊಳಗೇ ಪಿಚ್ಚೆನಿಸಿದ್ದೂ ನಿಜ. ಅದು ಪಾದದ ನೋವಿಗಿಂತ ಹೆಚ್ಚು ದಿನ ಉಳಿಯಿತು.

ಮರುದಿನ ಕುಂಟುತ್ತಲೇ ಅವಳನ್ನು ಗಾಡಿ ಹತ್ತಿಸಲು ಹೋದೆ. ಹೊರಡುವ ಮುಂಚೆ ನಮಸ್ಕಾರ ಮಾಡಲೆಂದು ಅವಳು ನನ್ನ ಕಾಲಿನತ್ತ ಬಂದಳು. ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಪ್ಲಾಟ್‌ಫಾರಮ್ಮಿನಲ್ಲಿದ್ದವರೆಲ್ಲ ನಕ್ಕರು, ಗಾಡಿ ಹೊರಟಿತು.

ಪಾಸಾದೆನೆಂದು ಕಾಗದ ಬಂತು. ಕೊನೆಯಲ್ಲಿ, ಕಾಕಾನ ಪಾದಕ್ಕೆ ಸಾಷ್ಟಾಂಗ ನಮಸ್ಕಾರಗಳು ಎಂದು ಬರೆದಿದ್ದಳು. ಮುಂಬಯಿಯಿಂದಲಾದರೆ ಹೆದರಿಕೆಯಿಲ್ಲ. ಕುರ್ಚಿಯಲ್ಲಿ ಕೂತು, ಎರಡೂ ಕಾಲು ಮುಂದೆ ನೀಡಿ, ಸಾವಕಾಶವಾಗಿ ಸ್ವೀಕರಿಸಿದೆ.