ದೇವರಿಗೇ ವಿಳಾಸ ಕೇಳಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನನ್ನು ಗುಡಿಗೆ ಕರೆದುಕೊಂಡು ಹೋಗುವುದೂ ಒಂದೇ, ಪೊಲೀಸರನ್ನು ಮದುವೆಯೂಟಕ್ಕೆ ಕರೆಯುವುದೂ ಒಂದೇ! ಬರುತ್ತಾರೆ, ಖಂಡಿತ ಬರುತ್ತಾರೆ. ಆದರೆ ಒಂದಿಷ್ಟು ವಿಚಾರಣೆ ಮಾಡದೆ ಎಲೆಯ ಮುಂದೆ ಕೂಡುವುದಿಲ್ಲ. ಚಿಕ್ಕಪ್ಪ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಯಾವ ಧರ್ಮದ ಯಾವ ದೇವರೇ ಆಗಲಿ, ಆತ ಇರುವ ಜಾಗದಲ್ಲೇ ಯಾಕಿದ್ದಾನೆ ಎಂಬುದು ಇತ್ಯರ್ಥವಾಗುವ ತನಕ ಅವರ ಎರಡು ಕೈ ಒಂದಾಗುತ್ತಿರಲಿಲ್ಲ. "ಇಲ್ಲೇ ಯಾಕ?" ಇದೇ ಅವರ ಮಂತ್ರ, ಇದೇ ನಮ್ಮವ್ವನ ತಲೆನೋವು.

"ದೇವರ ಮ್ಯಾಲ ನಂಬಿಕಿ ಇಲ್ಲೇನಪಾ ನಿನಗ?" ಎಂದು ಅವ್ವ ಗದರಿದರೆ, "ಇಲ್ಲಂತ ಯಾರಂದ್ರು ಅತ್ತಿಗಿ? ಬರೇ ವಿಳಾಸ ಕೇಳಾಕತ್ತೀನಿ" ಎನ್ನುತ್ತಿದ್ದರು.

ನನಗೆ ಬುದ್ಧಿ ಬರುವ ಮೊದಲೇ ಅಪ್ಪ ತೀರಿಕೊಂಡಿದ್ದರು. ಬಳ್ಳಾರಿಯ ಗಾಂಧಿನಗರದ ಬಾಡಿಗೆ ಮನೆಯಲ್ಲಿ ಅವ್ವ, ನಾನು, ಚಿಕ್ಕಪ್ಪ, ಗೋಡೆಯ ಮೇಲೆ ಜಗತ್ತಿನ ನಕಾಶೆ. ಇಷ್ಟೇ ನಮ್ಮ ಸಂಸಾರ. ಎಪ್ಪತ್ತರ ದಶಕದ ಮಾತಿದು.

ಒಮ್ಮೆ ಕುರುಗೋಡಿಗೆ ದೊಡ್ಡ ಬಸವಣ್ಣನ ದರ್ಶನಕ್ಕೆ ಹೋಗಿದ್ದೆವು. ಅವ್ವ ಕಾಯಿ ಹಿಡಿದು ನಿಂತೇ ಇದ್ದಾಳೆ, ಈ ಮಹಾರಾಯ ನಾಪತ್ತೆ! ನೋಡಿದರೆ ಗುಡ್ಡದ ಬುಡದಲ್ಲಿ ಬಂಡೆಗಳನ್ನು ತಟ್ಟಿ ತಟ್ಟಿ ನೋಡುತ್ತಿದ್ದಾರೆ. "ಮೇಷ್ಟ್ರೇ, ಮಂಗಳಾರತಿ ಆಗಾಕತ್ತೈತಿ, ಬರ್ರಿ!" ಎಂದು ಪೂಜಾರಿ ಕೂಗಿದರು. ಚಿಕ್ಕಪ್ಪ ಕೈಯ ಮಣ್ಣು ಒರೆಸಿಕೊಳ್ಳುತ್ತ ಬಂದರು.

"ಸಿಕ್ತು ಸ್ವಾಮೇರ! ಇಲ್ಲಿ ಬಂಡಿಗಲ್ಲು ಐತಿ, ಅದಕ್ಕ ಇಷ್ಟು ದೊಡ್ಡ ಬಸವಣ್ಣ ಇಲ್ಲೇ ಕುಂತಾನ. ಸಿರುಗುಪ್ಪದ ಕಡಿ ಇವನ್ನ ಮಾಡಬೇಕಂದ್ರ ಕರಿಮಣ್ಣಾಗ ಮಾಡಬೇಕಿತ್ತು. ಮೊದಲನೇ ಮಳಿಗೇ ಎಮ್ಮಿ ಆಗಿಬಿಡ್ತಿದ್ದ!"

ಪೂಜಾರಿ ನಕ್ಕ ರಭಸಕ್ಕೆ ಆರತಿ ತಟ್ಟೆಯ ಕರ್ಪೂರವೇ ಆರಿಹೋಯಿತು. ಅವ್ವ ಆ ದಿನ ಚಿಕ್ಕಪ್ಪನ ಜೊತೆ ಮಾತಾಡಲಿಲ್ಲ.

ಬೇಸಿಗೆಯ ಸಂಜೆ ಮಾಳಿಗೆಯ ಮೇಲೆ ನೀರು ಚಿಮುಕಿಸಿ ಚಾಪೆ ಹಾಸಿದರೆ, ಅದೇ ಅವರ ಎರಡನೇ ಶಾಲೆ. ಪಕ್ಕದ ಮನೆಯ ಗಡಿಯಾರ ರಿಪೇರಿ ಸಾಹೇಬರು ಖಾಯಂ ವಿದ್ಯಾರ್ಥಿ.

"ನೋಡ್ರಿ ಸಾಹೇಬ್ರ, ಎಲ್ಲಿ ಏನು ಕಡಿಮಿ ಐತೋ ಅದನ್ನ ಕೊಡಾಕ ಅಲ್ಲಿ ದೇವರು ಬಂದು ಕುಂದ್ರತಾನ. ಮರಳುಗಾಡಿನವರ ಸ್ವರ್ಗದಾಗ ತ್ವಾಟ, ಹರಿಯೋ ನೀರು. ಹಿಮ ಬೀಳೋ ದೇಶದಾಗ ಕಗ್ಗತ್ತಲ ಚಳಿಗಾಲಕ್ಕ ದೀಪದ ಹಬ್ಬ. ಉತ್ತರದ ಬಯಲಿನ ಬಿಸಲಾಗ ಬುದ್ಧಗ ಅರಳಿ ನೆಳ್ಳು!"

"ಬರೋಬ್ಬರಿ ಮಾಸ್ಟರ್ ಸಾಬ್," ಎಂದರು ಸಾಹೇಬರು. "ಮೆಕ್ಕಾದಾಗೂ ಹಂಗೇ. ತಾಯಿ ಕೂಸಿಗೆ ನೀರು ಹುಡುಕ್ಕೊಂತ ಓಡಾಡಿದ ಜಾಗಾ ಅದು. ನೀರು ಚಿಮ್ಮಿತು, ಅಲ್ಲೇ ಊರಾತು." ಆಮೇಲೆ ಮೀಸೆಯಲ್ಲೇ ನಕ್ಕು ಕೇಳಿದರು, "ನಮ್ಮ ಬಳ್ಳಾರಿಯಾಗ ಒಂದು ಧರ್ಮ ಹುಟ್ಟಿದ್ರ, ಅದರ ಸ್ವರ್ಗದಾಗ ಏನಿರ್ತಿತ್ತು?"

"ನಿಲ್ಲದ ಫ್ಯಾನು!" ಎಂದರು ಚಿಕ್ಕಪ್ಪ. ಕೆಳಗೆ ಕರೆಂಟು ಹೋಗಿ ಆಗಲೇ ಬಹಳ ಹೊತ್ತಾಗಿತ್ತು.

ಇಂಥವರು ಮನೆಯಲ್ಲಿದ್ದರೆ ಹೆಣ್ಣುಮಕ್ಕಳಿಗೆ ಗಂಡು ಸಿಗುವುದುಂಟೇ? ಮೊದಲು ಬಂದ ಸಂಬಂಧ ಇದೇ "ಇಲ್ಲೇ ಯಾಕ?" ಕೇಳಿ ಕಾಲಿಗೆ ಬುದ್ಧಿ ಹೇಳಿತ್ತು. ಎರಡನೆಯದು ಸಿರುಗುಪ್ಪದ್ದು. ಹುಡುಗನಿಗೆ ಕಾಲುವೆ ಆಫೀಸಿನಲ್ಲಿ ಕೆಲಸ. ಸಿರಿಗೇರಿಯ ಒಂದು ಮದುವೆಯಲ್ಲಿ ಕಳೆದುಹೋದ ನನ್ನ ಚಪ್ಪಲಿಯನ್ನು ರಾಶಿಯೊಳಗಿಂದ ಹುಡುಕಿಕೊಟ್ಟ ಪುಣ್ಯಾತ್ಮ ಅವನೇ! ಮುಚ್ಚುಮರೆ ಯಾಕೆ, ನನಗೆ ಅವನೇ ಬೇಕಾಗಿತ್ತು. ಆದರೆ ಅವನ ಅಪ್ಪ ಮಹಾ ದೈವಭಕ್ತರು ಎಂಬ ಸುದ್ದಿ ಕೇಳಿ ಈ ಸಂಬಂಧವೂ ಹೋಯಿತು ಎಂದುಕೊಂಡೆ.

ಅವರು ಬರುವ ದಿನ ಅವ್ವ ಚಿಕ್ಕಪ್ಪನಿಂದ ಆಣೆ ಹಾಕಿಸಿಕೊಂಡಳು. "ಇವತ್ತು ನಿನ್ನ ಬಾಯಾಗ 'ಇಲ್ಲೇ ಯಾಕ' ಬಂದ್ರ ನೋಡು!" ಪಾಪ, ಚಿಕ್ಕಪ್ಪ ಮಾತು ಬಂದಾಗಲೆಲ್ಲ ಒಂದೊಂದು ಮಿರ್ಚಿ ಬಜ್ಜಿ ಬಾಯಿಗೆ ತುರುಕಿಕೊಳ್ಳುತ್ತ ಕೂತರು. ಹುಡುಗನ ಅಪ್ಪ ಮಂಡಕ್ಕಿ ಮೆಲ್ಲುತ್ತ, "ನಮ್ಮ ಮನಿದೇವ್ರು ಹೊಳಿ ದಂಡಿಗೆ ತಾನಾ ಬಂದು ಕುಂತಾನ್ರೀ" ಎಂದರು. ಚಿಕ್ಕಪ್ಪನ ಕೈಯ ಮಿರ್ಚಿ ಅರ್ಧದಲ್ಲೇ ನಿಂತಿತು. ಅವ್ವ ಕೆಮ್ಮಿದಳು. ಮಿರ್ಚಿ ಒಳಗೆ ಹೋಯಿತು, ಕಣ್ಣಲ್ಲಿ ನೀರು ಬಂತು. ಒಂದು ಗಂಡಾಂತರ ಕಳೆಯಿತು.

ಆದರೆ ಆಮೇಲೆ ಆದದ್ದನ್ನು ಯಾರು ತಾನೇ ಎಣಿಸಿದ್ದರು! ಹುಡುಗನ ಅಪ್ಪ ಚಿಕ್ಕಪ್ಪನ ಕಡೆ ತಿರುಗಿ, "ಅಲ್ರೀ ಮೇಷ್ಟ್ರ, ನಿಮಗ ಮದುವಿ ಇಲ್ಲ, ಮಕ್ಳಿಲ್ಲ. ರೂಪನಗುಡಿಯಾಗ ಸ್ವಂತ ಮನಿ, ಹೊಲ ಐತಂತ. ಅದನ್ನೆಲ್ಲ ಬಿಟ್ಟು ಈ ಬಾಡಿಗಿ ಮನ್ಯಾಗ... ನೀವು ಇಲ್ಲೇ ಯಾಕ?" ಎಂದರು.

ಜಗತ್ತಿನ ದೇವರುಗಳಿಗೆಲ್ಲ ಈ ಪ್ರಶ್ನೆ ಹಾಕಿದ ಮನುಷ್ಯ ತಟ್ಟೆಯಿಂದ ಇನ್ನೊಂದು ಮಿರ್ಚಿ ಎತ್ತಿಕೊಂಡರು, ಬಾಯಿಗೆ ಮಾತ್ರ ಒಯ್ಯಲಿಲ್ಲ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೋಡಲು ಬಂದವರ ಮುಂದೆ ಹುಡುಗಿ ತಲೆ ಎತ್ತಬಾರದು, ಕೇಳದೆ ಬಾಯಿ ಬಿಡಬಾರದು. ಸಂಬಂಧ ಹೋದರೆ ಹೋಗಲಿ ಅನಿಸಿತು ನನಗೆ. ತಲೆ ಎತ್ತಿದೆ.

"ಈ ಮನ್ಯಾಗ ಅಪ್ಪ ಇದ್ದಿಲ್ರೀ. ಅದಕ್ಕ ಇಲ್ಲೇ ಬಂದು ಕುಂತಾರ."

ಚಿಕ್ಕಪ್ಪ ಎದ್ದು ಗೋಡೆಯ ಕಡೆ ತಿರುಗಿ, ನೆಟ್ಟಗೇ ಇದ್ದ ನಕಾಶೆಯನ್ನು ಮತ್ತೆ ನೆಟ್ಟಗೆ ಮಾಡತೊಡಗಿದರು. ಕೈಯಲ್ಲಿ ಮಿರ್ಚಿ ಹಾಗೇ ಇತ್ತು. ಹಿಂದೂ ಮಹಾಸಾಗರದ ಮೇಲೆ ಇವತ್ತಿಗೂ ಒಂದು ಎಣ್ಣೆ ಕಲೆ ಇದೆ.

ಹುಡುಗನ ಅಪ್ಪ ಮಂಡಕ್ಕಿ ತಟ್ಟೆ ಪಕ್ಕಕ್ಕೆ ಸರಿಸಿ, "ಸಾಕಿದವರನ್ನ ಹಿಂಗ ನೆನಸೋ ಹುಡುಗಿ ನಮ್ಮನ್ನ ಬಿಡ್ತಾಳೇನು? ತಾಂಬೂಲ ತರ್ರೆವಾ" ಎಂದರು.

ಮದುವೆಯಾದ ಮೇಲೆ ಚಿಕ್ಕಪ್ಪ ಮೊದಲ ಸಲ ಸಿರುಗುಪ್ಪಕ್ಕೆ ಬಂದಾಗ ಹೊಳೆ ದಂಡೆಯ ಗುಡಿಗೆ ಕರೆದುಕೊಂಡು ಹೋದೆ. ಇನ್ನೇನು, ನೀರು ನೋಡುತ್ತಾರೆ, ಮಣ್ಣು ಹಿಸುಕುತ್ತಾರೆ, ಬಂಡೆ ತಟ್ಟುತ್ತಾರೆ ಎಂದು ನಾನು ಕಟ್ಟೆಯ ಮೇಲೆ ಕೂತೇಬಿಟ್ಟೆ. ಅವರು ಚಪ್ಪಲಿ ಬಿಟ್ಟವರೇ ನೆಟ್ಟಗೆ ಒಳಗೆ ಹೋಗಿ, ಕಣ್ಣು ಮುಚ್ಚಿ ಕೈ ಮುಗಿದರು! ನನ್ನ ಜನ್ಮದಲ್ಲಿ ಅಂಥದ್ದನ್ನು ನೋಡಿರಲಿಲ್ಲ.

"ಯಾಕ ಚಿಕ್ಕಪ್ಪ, ಈ ದೇವರಿಗೆ ವಿಳಾಸ ಕೇಳಂಗಿಲ್ಲೇನು?"

"ಕೇಳೋದೇನೈತಿ, ಗೊತ್ತಾತು ಬಿಡವಾ," ಎಂದರು, ಹೊಳೆಯ ಕಡೆ ನೋಡುತ್ತ. "ನನ್ನ ಮಗಳು ಈ ಊರಿಗೆ ಬರ್ತಾಳಂತ ಮೊದಲೇ ಬಂದು ಕುಂತಾನ."