ಶುಕ್ರವಾರದ ಹೀಬ್ರೂ ಕ್ಲಾಸಿನ ಹಾಜರಿ ಪುಸ್ತಕ

ಶಿಸ್ತಿಲ್ಲದವರ ಬದುಕು ಹೇಗೋ ಸಾಗಿಹೋಗುತ್ತದೆ. ಪಜೀತಿಗಳು ಕಾದು ಕೂತು ಹಿಡಿಯುವುದು ನನ್ನಂಥ ಕಟ್ಟುನಿಟ್ಟಿನವರನ್ನೇ. ದುಬೈಯಲ್ಲಿ ನನ್ನ ಕಂಪನಿಯ ಯಜಮಾನರು ಯೆಹೂದಿ. ಶುಕ್ರವಾರ ಬೆಳಗ್ಗೆ ಅವರ ವಿಲ್ಲಾದಲ್ಲಿ ಐದು ಯೆಹೂದಿ ಮಕ್ಕಳಿಗೆ ಹೀಬ್ರೂ ಮತ್ತು ಧರ್ಮದ ಪಾಠ. ಯೆಹೂದಿಗಳು ಅಲ್ಲಿ ಬಹಿರಂಗವಾಗಿ ಗೇಟಿಗೆ ಬೋರ್ಡು ಹಾಕುವ ಕಾಲ ಅದಾಗಿರಲಿಲ್ಲ. ಹಾಜರಿ ಬರೆಯಲು, ಗಲಾಟೆ ಅಡಗಿಸಲು ನನ್ನನ್ನು ಕೂರಿಸಿದರು. ನಾನು ಕಾನ್ವೆಂಟಿನ ಬೆತ್ತದಡಿ ಬೆಳೆದ ಮಂಗಳೂರಿನ ಕ್ಯಾಥೊಲಿಕ್.

೧. ಎಣಿಕೆ

ಮೊದಲ ದಿನ ಪೆನ್ಸಿಲ್ ತೋರಿಸಿ "ಒಂದು, ಎರಡು..." ಎಂದದ್ದೇ ತಡ, ಒಬ್ಬಳು ಹುಡುಗಿ ಎದ್ದು ನಿಂತಳು.

"ಸರ್, ನಾವು ಮನುಷ್ಯರನ್ನು ಎಣಿಸುವುದಿಲ್ಲ!"

"ಮತ್ತೆ ಹಾಜರಿ ಎಂತದರಲ್ಲಿ ಬರೆಯುವುದು?"

ಹತ್ತು ಪದಗಳ ಒಂದು ವಾಕ್ಯವಿದೆ, ತಲೆಗೊಂದು ಪದ ಹೇಳುತ್ತಾ ಹೋಗುವುದು ಕ್ರಮ ಎಂದರು ಪಾಠ ಹೇಳುವ ಯೆಹೂದಿ ಮಾಷ್ಟ್ರು. ಹಾಗೆಯೇ ಮಾಡಿದೆ. ಮಧ್ಯಾಹ್ನ ಯಜಮಾನರು ಫೋನಿನಲ್ಲಿ ಕೇಳಿದರು, "ಎಷ್ಟು ಮಕ್ಕಳು ಬಂದಿದ್ದರು?"

"ಅರ್ಧ ವಾಕ್ಯ, ಸರ್."

೨. ದಡ್ಡನ ಆಯ್ಕೆ

ಮಾಷ್ಟ್ರಿಗೆ ಹೆಂಡತಿ ಮಕ್ಕಳಿರಲಿಲ್ಲ. ಹೊಟ್ಟೆಯಲ್ಲಿ ಗಡ್ಡೆ, ಡಾಕ್ಟರು ಆರು ತಿಂಗಳು ಎಂದಿದ್ದರು. ಸತ್ತವರ ಹೆಸರಿನಲ್ಲಿ ಮಗ ಹೇಳಬೇಕಾದ ಕದ್ದಿಶ್ ಎಂಬ ಪ್ರಾರ್ಥನೆಯನ್ನು ತನಗೆ ಯಾರಾದರೂ ಹೇಳಲಿ ಎಂಬುದೊಂದೇ ಅವರ ಆಸೆ. ಅದಕ್ಕೆ ಅವರು ಆರಿಸಿದ್ದು, ಅಬುಧಾಬಿಯ ಅಲ್ ರೀಮ್‌ನಿಂದ ಬರುತ್ತಿದ್ದ, ಕ್ಲಾಸಿಗೇ ದಡ್ಡನಾದ ಹನ್ನೆರಡರ ಹುಡುಗನನ್ನು.

"ಬೇರೆ ಯಾರೂ ಸಿಗಲಿಲ್ಲವೇ?" ಎಂದೆ.

"ಜಾಣರು ಒಂದೇ ವಾರದಲ್ಲಿ ಕಲಿತುಬಿಡುತ್ತಾರೆ. ಇವನು ಕಲಿಯುವವರೆಗೆ ನಾನು ಸಾಯುವ ಹಾಗಿಲ್ಲ."

೩. ಹರಿದ ಪುಸ್ತಕಗಳು

ಕಪಾಟಿನ ಹರಿದ ಪ್ರಾರ್ಥನಾ ಪುಸ್ತಕಗಳನ್ನು ಕಸದ ಕಪ್ಪು ಚೀಲಕ್ಕೆ ತುಂಬಿಸಿದ್ದೆ. ಮಕ್ಕಳೆಲ್ಲ ಕೂಗಿಕೊಂಡರು. ದೇವರ ಹೆಸರಿರುವ ಪುಸ್ತಕವನ್ನು ಎಸೆಯುವಂತಿಲ್ಲವಂತೆ, ಹೂಳಬೇಕಂತೆ. ವಿಲ್ಲಾದ ಅಂಗಳಕ್ಕೋ ಪೂರ್ತಿ ಟೈಲ್ಸ್.

"ನನ್ನ ಜೊತೆ ಕಳಿಸಿ," ಎಂದರು ಮಾಷ್ಟ್ರು. "ಹೇಗೂ ನನ್ನನ್ನು ಊರಿಗೆ ಕಾರ್ಗೋದಲ್ಲೇ ಕಳಿಸುವವರು. ಒಟ್ಟಿಗೇ ಹೂಳಲಿ. ನಮ್ಮಲ್ಲಿ ಅದೂ ಉಂಟು."

ನಾನು ಚೀಲ ತೂಗಿ ಚೀಟಿ ಅಂಟಿಸಿದೆ: ಹದಿನಾಲ್ಕು ಕಿಲೋ. ಅವರು ಚೀಟಿ ಓದಿ ಹೇಳಿದರು, "ಪರವಾಗಿಲ್ಲ, ನಾನೂ ಅಷ್ಟೇ ತೂಕ ಇಳಿದಿದ್ದೇನೆ."

೪. ಪ್ರಗತಿ

ಹುಡುಗ ಪ್ರತಿ ವಾರ ಕದ್ದಿಶ್‌ನ ಅದೇ ಒಂದು ಸಾಲು ಬಿಡುತ್ತಿದ್ದ. ಮಾಷ್ಟ್ರು ಆ ಸಾಲು ಹೇಳಿಕೊಟ್ಟು "ಮೊದಲಿಂದ!" ಎನ್ನುತ್ತಿದ್ದರು. ನಾನು ಪುಸ್ತಕದಲ್ಲಿ "ಅಜಾಗರೂಕ" ಎಂದು ಬರೆಯುತ್ತಿದ್ದೆ.

ಆರು ತಿಂಗಳು ದಾಟಿತು. ಒಂದು ದಿನ ಕಾರಿಗೆ ಕಾಯುತ್ತಾ ಅವನು, ಎಣಿಸಬೇಡಿ ಎಂದಿದ್ದ ಆ ಹುಡುಗಿಗೆ ಇಡೀ ಪ್ರಾರ್ಥನೆಯನ್ನು ತಪ್ಪಿಲ್ಲದೆ ಹೇಳಿಕೊಡುತ್ತಿದ್ದ. ಕಿವಿ ಹಿಡಿದೆ.

"ಒಳಗೆ ಯಾಕೆ ಹೇಳುವುದಿಲ್ಲ?"

"ನಾನು ಕಲಿತರೆ ಮಾಷ್ಟ್ರು ಸಾಯುತ್ತಾರೆ ಅಂತ ಅವರೇ ನಿಮಗೆ ಹೇಳಿದ್ದು ಕೇಳಿಸಿಕೊಂಡಿದ್ದೇನೆ, ಸರ್."

ಸುಳ್ಳನ್ನು ನಾನು ಎಂದೂ ಕ್ಷಮಿಸಿದವನಲ್ಲ. ಆ ವಾರ ಬರೆದೆ: "ಪ್ರಗತಿ: ಇಲ್ಲ. ತೃಪ್ತಿಕರ."

೫. ಹತ್ತು ಮಂದಿ

ಒಂಬತ್ತನೆಯ ತಿಂಗಳಲ್ಲಿ ಮಾಷ್ಟ್ರು ತೀರಿಕೊಂಡರು. ಹದಿಮೂರು ತುಂಬಿದ ಹತ್ತು ಯೆಹೂದಿ ಗಂಡಸರು ಸೇರದೆ ಕದ್ದಿಶ್ ಹೇಳುವಂತಿಲ್ಲ. ಹೋಟೆಲಿನಲ್ಲಿದ್ದ ಒಬ್ಬ ಯೆಹೂದಿ ವ್ಯಾಪಾರಿಯನ್ನೂ ವಿಲ್ಲಾಕ್ಕೆ ಕರೆತಂದ ಮೇಲೆ ಒಂಬತ್ತಾಯಿತು. ಹತ್ತನೆಯವನು ನಮ್ಮ ಹುಡುಗನೇ. ಹಿಂದಿನ ತಿಂಗಳಷ್ಟೇ ಹದಿಮೂರು ತುಂಬಿತ್ತು. ಅವನ ಕಾರು ಅಬುಧಾಬಿ ರಸ್ತೆಯ ಟ್ರಾಫಿಕ್ಕಿನಲ್ಲಿ. ಎಲ್ಲರೂ ಒಂದು ಗಂಟೆ ಕಾದರು.

ಬಂದ. ಕಣ್ಣು ಕೆಂಪಗಿತ್ತು. ಶುರುಮಾಡಿದ, ಮತ್ತೆ ಅದೇ ಸಾಲು ಬಿಟ್ಟ. ಬಾಗಿಲ ಬಳಿ ನಿಂತಿದ್ದ ನನ್ನ ಬಾಯಿಯಿಂದ ಆ ಸಾಲು ತಾನಾಗಿ ಬಂತು. "ಮೊದಲಿಂದ!" ಎಂದೂ ಗದರಿದೆ. ಹತ್ತೂ ಮಂದಿ ಬೆಚ್ಚಿ ನೆಟ್ಟಗಾದರು. ಹುಡುಗ ಮೂಗು ಒರೆಸಿಕೊಂಡು ಮೊದಲಿಂದ ಹೇಳಿದ. ಈ ಸಲ ಏನೂ ಬಿಡಲಿಲ್ಲ.

ಮುಗಿದ ಮೇಲೆ ವ್ಯಾಪಾರಿ ನನ್ನ ತೋಳು ಹಿಡಿದರು. "ಒಬ್ಬ ಗಂಡಸಿಗಾಗಿ ಒಂದು ಗಂಟೆ ಕಾದೆವು. ಇಷ್ಟು ಬಾಯಿಪಾಠ ಇರುವವನು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೀಯಲ್ಲ!"

"ಸರ್, ನಾನು ಮಂಗಳೂರಿನ ಕ್ಯಾಥೊಲಿಕ್."

"ಮತ್ತೆ ನಿನಗೆ ಇದನ್ನು ಕಲಿಸಿದ್ದು ಯಾರು?"

ಹುಡುಗನನ್ನು ತೋರಿಸಿದೆ. "ಇವನೇ, ಸರ್. ಒಂಬತ್ತು ತಿಂಗಳು ಬೇಕೆಂದೇ ತಪ್ಪು ಹೇಳಿ ಹೇಳಿ."